ಆ ಪ್ರೋಟೀನ್ ಕೆಟ್ಟದ್ದಾ, ಡಾಕ್ಟ್ರೇ?

ಪ್ರಶ್ನೆ: ನನ್ನ ತಂಗಿಯ ಮಗುವಿಗೆ 7 ತಿಂಗಳು. ಕತ್ತು ಇನ್ನೂ ನಿಂತಿಲ್ಲ, ಕಾಲು ಆಡಿಸುವುದೂ ಕಡಿಮೆ. ಪರೀಕ್ಷೆಯಲ್ಲಿ ಎಸ್‌ಎಂಎ (ಸ್ನಾಯುಗಳು ಸೊರಗುತ್ತಾ ಹೋಗುವ ಆನುವಂಶಿಕ ಕಾಯಿಲೆ) ಅಂತ ಬಂದಿದೆ. ಆರ್‌ಎನ್‌ಎ ಮೇಲೆ ಒಂದು ಪ್ರೋಟೀನ್ ಕೂರದಂತೆ ತಡೆಯುವ ಇಂಜೆಕ್ಷನ್ ಇದೆ ಎಂದರು. ಅಷ್ಟು ಕೆಟ್ಟ ಪ್ರೋಟೀನ್ ಆದರೆ ಅದನ್ನೇ ತೆಗೆದುಬಿಡಬಹುದಲ್ವಾ?
– ಮಗುವಿನ ದೊಡ್ಡಮ್ಮ, ಹಾವೇರಿ

ಉತ್ತರ: ಅದು ಕೆಟ್ಟದ್ದಲ್ಲಮ್ಮ. ನಿಮ್ಮಲ್ಲೂ ಇದೆ, ನನ್ನಲ್ಲೂ ಇದೆ. ಆರ್‌ಎನ್‌ಎ ಅಂದರೆ ಪ್ರೋಟೀನ್ ಮಾಡಲು ಜೀನ್‌ನಿಂದ ತಯಾರಾಗುವ ನಕಲು. ಅದರಲ್ಲಿ ಬೇಡದ ಭಾಗ ಕತ್ತರಿಸಿ ಬೇಕಾದ ತುಂಡುಗಳನ್ನು ಜೋಡಿಸಬೇಕು. ಯಾವುದು ಉಳಿಯಬೇಕು, ಯಾವುದು ಹೋಗಬೇಕು ಅನ್ನುವುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಆರ್‌ಎನ್‌ಎಗೆ ಅಂಟಿಕೊಳ್ಳುವ ಇಂಥ ಪ್ರೋಟೀನ್‌ಗಳೇ. ನಿಮ್ಮ ಡಾಕ್ಟರ್ ಹೇಳಿದ್ದರ ಹೆಸರು ಎಚ್‌ಎನ್‌ಆರ್‌ಎನ್‌ಪಿ ಎ1. ಅದು ಕೆಲಸ ಮಾಡುವ ಜೀನ್‌ಗಳು ಬಹಳ. ಅದೇ ಕೆಟ್ಟರೆ ದೊಡ್ಡವರಲ್ಲಿ ನರ, ಸ್ನಾಯುಗಳ ಕಾಯಿಲೆ ಬರಬಹುದು ಎಂದು 2013ರಲ್ಲಿ ಗೊತ್ತಾಗಿದೆ. ಹಾಗಾಗಿ ಅದನ್ನು ತೆಗೆಯುವ ಮಾತೇ ಇಲ್ಲ.

ಎಸ್‌ಎಂಎ ಮಕ್ಕಳಲ್ಲಿ ಎಸ್‌ಎಂಎನ್1 ಜೀನ್ ಕೆಲಸ ಮಾಡುವುದಿಲ್ಲ. ಅದರದ್ದೇ ಜೋಡಿಯಂತೆ ಎಸ್‌ಎಂಎನ್2 ಇದೆ, ಆದರೆ ಅದರ 7ನೇ ತುಂಡಿನಲ್ಲಿ ಒಂದು ಅಕ್ಷರ ಬೇರೆ. ಪಕ್ಕದಲ್ಲೇ ಎ1 ಕೂರುವ ಜಾಗವೂ ಇದೆ. ಎರಡೂ ಸೇರಿ ಜಾಸ್ತಿ ಸಲ 7ನೇ ತುಂಡು ಬಿಟ್ಟುಹೋಗುತ್ತದೆ, ಆಗ ತಯಾರಾಗುವ ಅರೆಬರೆ ಎಸ್‌ಎಂಎನ್ ಪ್ರೋಟೀನ್ ಬಾಳುವುದಿಲ್ಲ, ಅದು ಸಾಲದೆ ಬೆನ್ನುಹುರಿಯಲ್ಲಿ ಸ್ನಾಯು ಆಡಿಸುವ ನರಕೋಶಗಳು ಸಾಯುತ್ತಾ ಹೋಗುತ್ತವೆ. ಪಕ್ಕದ ಆ ಜಾಗವನ್ನು 2006ರಲ್ಲಿ ಅಮೆರಿಕದಲ್ಲಿ ರವೀಂದ್ರ ಸಿಂಗ್ ಅವರ ತಂಡ ತೋರಿಸಿತು. ವಿಜ್ಞಾನಿ ಆಡ್ರಿಯನ್ ಕ್ರೈನರ್ ಮತ್ತು ಜೊತೆಗಾರರು ಅಷ್ಟು ಜಾಗವನ್ನು ಮಾತ್ರ ಮುಚ್ಚುವ 18 ಅಕ್ಷರದ ಕೃತಕ ತುಂಡು ಮಾಡಿದರು. ಎ1 ಅಲ್ಲಿ ಕೂರಲಾಗದೆ 7ನೇ ತುಂಡು ಉಳಿಯುತ್ತದೆ. ನಿಮಗೆ ಹೇಳಿದ ಇಂಜೆಕ್ಷನ್ ಅದೇ, ಹೆಸರು ನುಸಿನರ್ಸೆನ್. 2016ರ ಡಿಸೆಂಬರ್‌ನಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿತು. ಎ1 ಉಳಿದೆಲ್ಲ ಕಡೆ ತನ್ನ ಪಾಡಿಗೆ ಕೆಲಸ ಮಾಡಿಕೊಂಡಿರುತ್ತದೆ! ನನಗೆ ಈ ಔಷಧದ ಬಗ್ಗೆ ಇರುವ ಗೌರವ ಅದಕ್ಕೇ.

ಇಂಜೆಕ್ಷನ್ ಕೊಡುವುದು ಬೆನ್ನುಮೂಳೆಯ ನೀರಿಗೆ. ಮೊದಲ ಎರಡು ತಿಂಗಳಲ್ಲಿ 4 ಡೋಸ್, ಆಮೇಲೆ 4 ತಿಂಗಳಿಗೊಮ್ಮೆ. ಬಾಯಿಗೆ ಹಾಕುವ ರಿಸ್ಡಿಪ್ಲಾಮ್ ಬೇರೆ ದಾರಿಯಿಂದ 7ನೇ ತುಂಡನ್ನು ಉಳಿಸುತ್ತದೆ, ದಿನಾ ಕೊಡಬೇಕು. ಇದರ ಬಾಟಲಿಗೆ ಲಕ್ಷಗಟ್ಟಲೆ ಇತ್ತು. 2025ರ ಅಕ್ಟೋಬರ್‌ನಲ್ಲಿ ಮಾರಾಟಕ್ಕೆ ತಡೆ ಕೊಡಲು ಕೋರ್ಟ್ ಒಪ್ಪದ ಮೇಲೆ ನ್ಯಾಟ್ಕೋ ಕಂಪನಿ 15,900 ರೂಪಾಯಿಗೆ ತಂದಿದೆ. ಮಗುವಿನ ತೂಕ ನೋಡಿ ಎಷ್ಟು ಬೇಕಾಗುತ್ತದೆ ಎಂದು ಡಾಕ್ಟರನ್ನೇ ಕೇಳಿ.

ಸತ್ತ ನರಕೋಶ ಯಾವ ಔಷಧಕ್ಕೂ ವಾಪಸ್ ಬರುವುದಿಲ್ಲ. ದಯವಿಟ್ಟು ಹಬ್ಬ ಮುಗಿಯಲಿ, ಇನ್ನೊಂದು ಕಡೆ ತೋರಿಸೋಣ ಅಂತ ದಿನ ಕಳೆಯಬೇಡಿ. ಎಸ್‌ಎಂಎನ್2 ಎಷ್ಟು ಪ್ರತಿ ಇದೆ ಎಂದು ರಿಪೋರ್ಟಿನಲ್ಲಿ ನೋಡಿಸಿ. ಕೇಂದ್ರದ ಅಪರೂಪದ ಕಾಯಿಲೆಗಳ ಯೋಜನೆಯಲ್ಲಿ 50 ಲಕ್ಷದವರೆಗೆ ನೆರವಿಗೆ ಅವಕಾಶವಿದೆ. ಬೆಂಗಳೂರಿನಲ್ಲಿ ಇದಕ್ಕೆ ಗುರುತಿಸಿರುವುದು ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ. ಈ ವಾರವೇ ಹೋಗಿ. ತಂಗಿ ಮತ್ತೆ ಬಸುರಿಯಾಗುವ ಮುಂಚೆ ಗಂಡ ಹೆಂಡತಿ ಇಬ್ಬರೂ ಪರೀಕ್ಷೆ ಮಾಡಿಸಲಿ, ಇಬ್ಬರೂ ವಾಹಕರಾಗಿದ್ದರೆ (ತಮಗೆ ಕಾಯಿಲೆ ಇಲ್ಲದೆ ಕೆಟ್ಟ ಜೀನ್ ಹೊತ್ತವರು) ಮಗುವಿಗೆ ಈ ಕಾಯಿಲೆ ಬರುವ ಸಾಧ್ಯತೆ ಪ್ರತಿ ಸಲವೂ ನಾಲ್ಕರಲ್ಲಿ ಒಂದು ಇರುತ್ತದೆ.