‘ನಗರದ ನರಮಂಡಲ’ ಕಳಿಸಿದ ಗೆಳೆಯರಿಗೆ

ನಮಸ್ಕಾರ.

ನಿಮ್ಮ ‘ನಗರದ ನರಮಂಡಲ’ ಲೇಖನ ಓದಿದೆ. ವೈರ್‌ಲೆಸ್ ಸೆನ್ಸರ್ ಜಾಲಗಳು, ಅಂದರೆ ಅಳತೆಗಳನ್ನು ತಂತಿಯಿಲ್ಲದೆ ಕಳಿಸುವ ಪುಟ್ಟ ಉಪಕರಣಗಳ ಜಾಲಗಳು, ಬೆಂಗಳೂರಿಗೆ ಹೇಗೆ ಉಪಯೋಗಕ್ಕೆ ಬರುತ್ತವೆ, ಅವುಗಳ ಡೇಟಾವನ್ನು ಹೇಗೆ ಹಂಚಿಕೊಳ್ಳಬೇಕು ಅನ್ನೋದು ನಿಮ್ಮ ವಿಷಯ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಲೂ ಬೇಡಿ. ನಾಲ್ಕನೇ ಪುಟದಲ್ಲಿ ಒಂದು ಪ್ಯಾರಾ ಇದೆ. ನೀವು, ನಿಮ್ಮ ಕಾಲೇಜಿನ ಗೆಳೆಯರು ಸೇರಿ ಎಚ್‌ಎಸ್‌ಆರ್ ಬಡಾವಣೆ ಹತ್ತಿರ ರಾಜಕಾಲುವೆಯ ಸೇತುವೆಗೆ ನೀರಿನ ಮಟ್ಟ ನೋಡುವ ಸೆನ್ಸರ್ ಕಟ್ಟಿದ ಕಥೆ ಅದು. ಲೇಖನ ಅಲ್ಲಿಂದಲೇ ಶುರುವಾಗಲಿ.

ಮೊದಲ ಮೂರು ಪುಟ ತೆಗೆದುಬಿಡಿ. ‘ಇಂದಿನ ಮಾಹಿತಿ ಯುಗದಲ್ಲಿ’ ಅಂತ ಶುರುವಾದರೆ ಓದುಗರು ಎರಡನೇ ಸಾಲಿಗೇ ಪುಟ ತಿರುಗಿಸುತ್ತಾರೆ. ‘ಅಪಾರ ಡೇಟಾ’ ಅನ್ನೋ ಮಾತು ಆ ಪುಟಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅಳತೆ ಮಾತ್ರ ಒಂದೂ ಇಲ್ಲ.

ಈಗ ಸೇತುವೆಗೆ ಬರೋಣ. ‘ಸೆನ್ಸರ್ 140 ಸೆಂ.ಮೀ. ತೋರಿಸಿತು, ಈ ಮಾಹಿತಿಯನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟೆವು’ ಎಂದು ಬರೆದಿದ್ದೀರಿ. ಯಾವುದರ 140? ನೀವು ಬಳಸಿದ್ದು ಅಲ್ಟ್ರಾಸಾನಿಕ್ ಸೆನ್ಸರ್. ಅದು ಶಬ್ದ ಬಿಟ್ಟು, ಆ ಶಬ್ದ ನೀರಿಗೆ ಬಡಿದು ವಾಪಸ್ ಬರುವ ಹೊತ್ತನ್ನು ಲೆಕ್ಕ ಹಾಕುತ್ತದೆ. ಅಂದರೆ ತನಗೂ ನೀರಿಗೂ ಎಷ್ಟು ಅಂತರ ಅಂತ ಹೇಳುತ್ತದೆಯೇ ಹೊರತು ನೀರು ಎಷ್ಟು ಆಳ ಅಂತ ಅಲ್ಲ. ಸೆನ್ಸರ್ ಕಾಲುವೆಯ ತಳದಿಂದ 300 ಸೆಂ.ಮೀ. ಮೇಲಿದ್ದರೆ ಆಗ ಆಳ 160. ನೀರು ಏರಿದಷ್ಟೂ ಈ ಅಂಕಿ ಇಳಿಯುತ್ತದೆ. ಇದು ಗೊತ್ತಿಲ್ಲದವರು ನಿಮ್ಮ ಡೇಟಾ ಇಟ್ಟುಕೊಂಡು ಗ್ರಾಫ್ ಬರೆದರೆ, ಪ್ರವಾಹ ಬರುತ್ತಿರುವಾಗ ನೀರು ಇಳಿಯುತ್ತಿದೆ ಅಂತ ತಿಳಿಯುತ್ತಾರೆ. ಜೊತೆಗೆ ಹೂಳಿನ ಲೆಕ್ಕ ಬೇರೆ. ಬೇಸಿಗೆಯಲ್ಲಿ ಹೂಳೆತ್ತಿದರೆ ತಳ ಕೆಳಗೆ ಹೋಗುತ್ತದೆ, ಮತ್ತೆ ಹೂಳು ತುಂಬಿದರೆ ಮೇಲೆ ಬರುತ್ತದೆ. ಆ 300 ಕೂಡ ವರ್ಷವಿಡೀ ಒಂದೇ ಇರುವುದಿಲ್ಲ, ಅಲ್ವಾ? ತಳದಿಂದ ಸೆನ್ಸರ್‌ಗೆ ಎಷ್ಟು ಎತ್ತರ, ಅದನ್ನು ಯಾವ ದಿನ ಅಳೆದದ್ದು, ಎರಡೂ ಅಂಕಿಯ ಜೊತೆ ಹೋಗಬೇಕು. ಡೇಟಾ ಹಂಚಿಕೆಯ ಕಷ್ಟ ಇರುವುದು ಇಲ್ಲೇ. ಸರ್ವರ್‌ಗೆ ಹಾಕಿ ಲಿಂಕ್ ಕೊಡುವುದು ಸುಲಭದ ಕೆಲಸ.

ಇದಕ್ಕೆಂದೇ ಮಾನದಂಡಗಳಿವೆ. ಸ್ಥಳ ಆಧಾರಿತ ಡೇಟಾಕ್ಕೆ ಮಾನದಂಡ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಓಪನ್ ಜಿಯೋಸ್ಪೇಷಿಯಲ್ ಕನ್ಸಾರ್ಷಿಯಂ 2007ರಲ್ಲಿ ಸೆನ್ಸರ್‌ಎಂಎಲ್, 2016ರಲ್ಲಿ ಸೆನ್ಸರ್‌ಥಿಂಗ್ಸ್ ಹೊರತಂದಿತು. ಏನನ್ನು ಅಳೆದದ್ದು, ಎಲ್ಲಿ, ಯಾವಾಗ, ಯಾವ ಉಪಕರಣದಿಂದ ಅನ್ನೋದನ್ನು ಅಳತೆಯಿಂದ ಬಿಡಿಸಬಾರದು ಅನ್ನೋದು ಇವುಗಳ ತಿರುಳು. ನಗರಗಳ ಡೇಟಾ ವಿನಿಮಯಕ್ಕಾಗಿ ನಮ್ಮ ಐಐಎಸ್‌ಸಿಯಲ್ಲೇ ಇಂಡಿಯಾ ಅರ್ಬನ್ ಡೇಟಾ ಎಕ್ಸ್‌ಚೇಂಜ್ ಇದೆ. ನೀವು ಸಿಂಗಪುರಕ್ಕೆ ಒಂದು ಪುಟ ಕೊಟ್ಟಿದ್ದೀರಿ, ಇದಕ್ಕೆ ಒಂದು ಸಾಲೂ ಇಲ್ಲ.

ತಿದ್ದಲೇಬೇಕಾದ ಒಂದು ತಪ್ಪು. ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ‘ಒಂದರಿಂದ ಒಂದಕ್ಕೆ ಸಂದೇಶ ದಾಟಿಸುತ್ತವೆ’ ಎಂದಿದ್ದೀರಿ. ಹಾಗಲ್ಲ. ಅವು ಮೊಬೈಲ್ ಜಾಲದ ಮೂಲಕ 15 ನಿಮಿಷಕ್ಕೊಮ್ಮೆ ನೇರವಾಗಿ ಕೇಂದ್ರಕ್ಕೆ ಕಳಿಸುತ್ತವೆ. ನೋಡ್ ಅಂದರೆ ಜಾಲದ ಒಂದೊಂದು ಸೆನ್ಸರ್ ಉಪಕರಣ. ನೋಡ್‌ನಿಂದ ನೋಡ್‌ಗೆ ದಾಟಿಸುವ ಜಾಲದ ಕಷ್ಟಗಳೇ ಬೇರೆ.

ಆ ಕಷ್ಟಗಳಲ್ಲಿ ಮೊದಲನೆಯದು ಬ್ಯಾಟರಿ. ‘ಸಂದೇಶ ಕಳಿಸುವಾಗ ಮಾತ್ರ ವಿದ್ಯುತ್ ಖರ್ಚಾಗುತ್ತದೆ’ ಅನ್ನೋ ನಿಮ್ಮ ಸಾಲು ತಪ್ಪು. ಇಂಥ ನೋಡ್‌ಗಳಲ್ಲಿ ತುಂಬಾ ಬಳಕೆಯಾದ ಸಿಸಿ2420 ರೇಡಿಯೊ ಚಿಪ್ ನೋಡಿ. ಕಳಿಸುವಾಗ ಅದಕ್ಕೆ 17.4 ಮಿಲಿಆಂಪಿಯರ್ ಬೇಕು, ಸುಮ್ನೆ ಕಿವಿಗೊಟ್ಟು ಕೂತಿರುವಾಗ 18.8. ಕೇಳೋದಕ್ಕೇ ಜಾಸ್ತಿ! ಎರಡು ಪೆನ್ಸಿಲ್ ಸೆಲ್‌ಗಳಲ್ಲಿ 2500 ಮಿಲಿಆಂಪಿಯರ್-ಗಂಟೆ ಇದೆ ಅಂದುಕೊಂಡರೂ, ಸದಾ ಕೇಳುತ್ತಾ ಕೂತ ನೋಡ್ ಆರು ದಿನ ಬಾಳುವುದಿಲ್ಲ. ಅದಕ್ಕೇ ರೇಡಿಯೊವನ್ನು ಹೆಚ್ಚು ಹೊತ್ತು ಮಲಗಿಸಿರುತ್ತಾರೆ. ಮಲಗಿದವರೆಲ್ಲ ಒಂದೇ ಹೊತ್ತಿಗೆ ಏಳಬೇಕಾದರೆ ಗಡಿಯಾರಗಳು ಹೊಂದಬೇಕು. ಹತ್ತು ಲಕ್ಷದಲ್ಲಿ 40 ಪಾಲು ತಪ್ಪುವ, ಗಡಿಯಾರ ನಡೆಸುವ ಕ್ರಿಸ್ಟಲ್ ದಿನಕ್ಕೆ ಸುಮಾರು ಮೂರೂವರೆ ಸೆಕೆಂಡ್ ಆಚೀಚೆ ಆಗುತ್ತದೆ. ತಿಂಗಳಾದರೆ ಒಂದೂವರೆ ನಿಮಿಷಕ್ಕಿಂತ ಜಾಸ್ತಿ. ಮೇಲಿನ ಸೇತುವೆಯಲ್ಲಿ ನೀರು ಏರಿದ್ದು ಮೊದಲೋ ಕೆಳಗಿನದರಲ್ಲೋ ಅನ್ನೋದೇ ಆಮೇಲೆ ಅನುಮಾನವಾಗಬಹುದು.

ರೇಡಿಯೊ ಖರ್ಚು ಉಳಿಸುವ ಇನ್ನೊಂದು ದಾರಿ, ಅಳತೆಗಳನ್ನೆಲ್ಲ ಹೊರಗೆ ಕಳಿಸದೆ ಜಾಲದ ಒಳಗೇ ಲೆಕ್ಕ ಮುಗಿಸುವುದು. 2000ದ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮಾಡಿದ ಟೈನಿಡಿಬಿ ಅನ್ನೋ ತಂತ್ರಾಂಶ ಇದನ್ನು ತೋರಿಸಿಕೊಟ್ಟಿತು. ನೀವು ಅದರ ಹೆಸರು ಹೇಳಿ ಮುಂದಕ್ಕೆ ಹೋಗಿದ್ದೀರಿ, ನಿಲ್ಲಬೇಕಿತ್ತು. ‘ಪ್ರತಿ ನೋಡ್ ತನ್ನ ಸರಾಸರಿಯನ್ನು ಮೇಲಕ್ಕೆ ಕಳಿಸುತ್ತದೆ’ ಅಂದರೆ ಲೆಕ್ಕ ಕೆಡುತ್ತದೆ. ಜಾಲದ ಒಂದು ಕವಲಿನಲ್ಲಿ ಮೂರು ನೋಡ್, ಸರಾಸರಿ 20. ಇನ್ನೊಂದರಲ್ಲಿ ಒಂದೇ ನೋಡ್, ಅಳತೆ 40. ಸರಾಸರಿಗಳ ಸರಾಸರಿ 30 ಬರುತ್ತದೆ, ನಿಜವಾದದ್ದು 25. ಮೇಲಕ್ಕೆ ಹೋಗಬೇಕಾದ್ದು ಮೊತ್ತ ಮತ್ತು ಎಷ್ಟು ನೋಡ್ ಅನ್ನೋ ಎಣಿಕೆ. ಈ ನಾಲ್ಕು ಸಾಲು ಬರೆದರೆ ಹೈಸ್ಕೂಲಿನ ಹುಡುಗಿಗೂ ಅರ್ಥವಾಗುತ್ತದೆ.

ಕೊನೆಗೆ, ಈ ಅಂಕಿ ಯಾರಿಗೆ ಬೇಕು? ಐಐಎಸ್‌ಸಿ ಮತ್ತು ಸ್ವಿಟ್ಜರ್ಲೆಂಡಿನ ಲೊಸಾನ್‌ನ ಸಂಶೋಧಕರು ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ ಸೆನ್ಸರ್ ಜಾಲ ಹಾಕಿದಾಗ, ಮಳೆಯನ್ನೇ ನಂಬಿದ ಸಣ್ಣ ರೈತರು ಅವರ ಕಣ್ಣ ಮುಂದೆ ಇದ್ದರು. ನಿಮ್ಮ ಕಾಲುವೆ ಪಕ್ಕದ ಜನ ಲೇಖನದಲ್ಲಿ ಎಲ್ಲೂ ಕಾಣುವುದಿಲ್ಲ. ಅಲ್ಲಿನ ಅಪಾರ್ಟ್‌ಮೆಂಟಿನ ವಾಚ್‌ಮನ್ ಅವರನ್ನು ಮಾತಾಡಿಸಿ. ಬೇಸ್‌ಮೆಂಟಿನ ಗಾಡಿಗಳನ್ನೆಲ್ಲ ಹೊರಗೆ ತರಿಸಲು ಎಷ್ಟು ಹೊತ್ತು ಬೇಕು ಅಂತ ಕೇಳಿ. ಇಪ್ಪತ್ತು ನಿಮಿಷ ಅಂದರೆ, 15 ನಿಮಿಷಕ್ಕೊಮ್ಮೆ ಬರುವ ಅಳತೆ ಅವರಿಗೆ ಸಾಕಾಗುತ್ತದೆಯೇ? ಮಳೆ ಬಂದಾಗ ಮಾತ್ರ ನಿಮಿಷಕ್ಕೊಂದು ಕಳಿಸಿದರೆ ಬ್ಯಾಟರಿ ಎಷ್ಟು ದಿನ ಬರುತ್ತದೆ? ಲೆಕ್ಕ ಹಾಕಿ ಬರೆಯಿರಿ. ನನಗೆ ಈ ಲೇಖನ ಬೇಕಾಗಿರುವುದೇ ಇದಕ್ಕಾಗಿ.

ಸಾವಿರದಿನ್ನೂರು ಪದ ಸಾಕು. ಸೇತುವೆ, ಸೆನ್ಸರ್, ನೀರು, ತಳ ತೋರಿಸುವ ಚಿತ್ರವನ್ನು ನೀವೇ ಪೆನ್ಸಿಲ್‌ನಲ್ಲಿ ಬಿಡಿಸಿ. ಜೋರು ಮಳೆ ಬಂದ ಒಂದು ದಿನದ ಅಳತೆಗಳನ್ನೂ ಸೇರಿಸಿ. ಪ್ಯಾಕೆಟ್, ಅಂದರೆ ಅಳತೆ ಹೊತ್ತ ಸಂದೇಶ, ಬಾರದೇ ಹೋದ ಕಡೆ ಸೊನ್ನೆ ತುಂಬಬೇಡಿ, ಖಾಲಿ ಬಿಡಿ. ಮೇ ಹತ್ತರೊಳಗೆ ಕೈಸೇರಿದರೆ ಜೂನ್ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ಸಂಪಾದಕಿ
ಬೆಂಗಳೂರು