ಬೆಂಗಳೂರಿನಿಂದ ಲಂಡನ್‌ಗೆ ಎಷ್ಟು ದೂರ, ಎಷ್ಟು ಗಂಟೆ? ಶಿವಮೊಗ್ಗದಿಂದ ಅದೇ ದಿನ ವಿಮಾನದಲ್ಲಿ ಹೊರಟರೆ ಸಾಕಾ?

ದೂರ ಸುಮಾರು 8,000 ಕಿ.ಮೀ. ಹೋಗುವಾಗ ಹತ್ತೂವರೆ ಗಂಟೆ ಹಿಡಿಯಿರಿ. ಬರುವಾಗ ಸ್ವಲ್ಪ ಬೇಗ, ಮೇಲೆ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದಲ್ವಾ, ಅದಕ್ಕೆ. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಅಂತ ಹಿಡಿದು 8,000ವನ್ನು 900ರಿಂದ ಭಾಗಿಸಿದರೆ ಸುಮಾರು ಒಂಬತ್ತು ಗಂಟೆ ಬರುತ್ತದೆ. ನಾನೂ ಹಾಗೇ ಲೆಕ್ಕ ಹಾಕಿಕೊಂಡು ಹೊರಟವನು. ಬೆಂಗಳೂರು ಮುಟ್ಟುವ ಮೊದಲೇ, ಶಿವಮೊಗ್ಗದ ವಿಮಾನ ನಿಲ್ದಾಣ ಇರುವ ಸೋಗಾನೆಯಲ್ಲಿ ಸಿಕ್ಕಿಹಾಕಿಕೊಂಡೆ.

ಶಿವಮೊಗ್ಗದಿಂದ ವಿಮಾನ ಶುರುವಾಗಿದ್ದು 2023ರ ಆಗಸ್ಟ್‌ನಲ್ಲಿ. ನಾನು ಹೊರಟಿದ್ದು ಅದರ ಮುಂದಿನ ಮಳೆಗಾಲದಲ್ಲಿ. ಒಂದೇ ಗಂಟೆಯ ಹಾರಾಟ, ಬೆಂಗಳೂರಿನಲ್ಲಿ ಕೈಯಲ್ಲಿ ನಾಲ್ಕು ಗಂಟೆ ಉಳಿಯುತ್ತದೆ, ಇನ್ನೇನು ಬೇಕು ಅಂದುಕೊಂಡೆ. ತೀರ್ಥಹಳ್ಳಿಯಿಂದ ಬರುವಾಗ ದಾರಿಯುದ್ದಕ್ಕೂ ಜಡಿಮಳೆ. ಒಳಗೆ ಕೂತಿದ್ದಾಗ ಬರಬೇಕಿದ್ದ ವಿಮಾನದ ಸದ್ದು ಮೋಡದ ಮೇಲೆ ಕೇಳಿಸಿತು. ಎಲ್ಲರೂ ಎದ್ದು ಗಾಜಿನ ಹತ್ತಿರ ಹೋದೆವು. ಏನೂ ಕಾಣಲಿಲ್ಲ. ಸದ್ದು ಒಂದು ಸುತ್ತು ಹಾಕಿತು, ಇನ್ನೊಂದು ಸುತ್ತು ಹಾಕಿತು, ಆಮೇಲೆ ನಿಂತೇ ಹೋಯಿತು. ಇಳಿಯಲಾಗದೆ ವಾಪಸ್ ಹೋಗಿತ್ತು. ಟ್ಯಾಕ್ಸಿ ಹಿಡಿದರೂ ದೇವನಹಳ್ಳಿಗೆ ಆರು ಗಂಟೆ ಬೇಕು, ಲಂಡನ್ ವಿಮಾನದ ಚೆಕ್-ಇನ್ ಕೌಂಟರ್ ಹೊರಡುವ ಹೊತ್ತಿಗಿಂತ ಒಂದು ಗಂಟೆಯಾದರೂ ಮೊದಲೇ ಮುಚ್ಚುತ್ತದೆ.

ಮೋಡಕ್ಕೆ ಬೈದು ಏನು ಪ್ರಯೋಜನ? ತಪ್ಪು ನಾನು ಟಿಕೆಟ್ ಮಾಡಿಸಿದ ರೀತಿಯಲ್ಲಿತ್ತು. ಅಗ್ಗ ಸಿಕ್ಕಿತು ಅಂತ ಶಿವಮೊಗ್ಗ–ಬೆಂಗಳೂರು ಒಂದು ಕಡೆ, ಬೆಂಗಳೂರು–ಲಂಡನ್ ಇನ್ನೊಂದು ಕಡೆ, ಬೇರೆ ಬೇರೆ ಮಾಡಿಸಿದ್ದೆ. ಎರಡೂ ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ಸಂಖ್ಯೆಯಲ್ಲಿ ಇದ್ದರೆ ಮುಂದಿನ ವಿಮಾನಕ್ಕೆ ಕಳಿಸುವ ತಲೆನೋವು ಕಂಪನಿಯದು. ಬೇರೆ ಬೇರೆ ಇದ್ದರೆ ಲಂಡನ್ ವಿಮಾನದವರ ಲೆಕ್ಕದಲ್ಲಿ ನೀವು ಸುಮ್ನೆ ಬರದೇ ಹೋದ ಪ್ರಯಾಣಿಕ, ಅಷ್ಟೇ. ಸೋಗಾನೆಯಲ್ಲಿ ಮಳೆ ಬಂದರೆ ಅವರಿಗೇನು? ದುಡ್ಡು ಹೋಯಿತು. ಇನ್ನೂ ಉರಿಯುವ ವಿಷಯ ಕೇಳಿ, ಹೋಗುವ ವಿಮಾನ ತಪ್ಪಿಸಿಕೊಂಡರೆ ಅದೇ ಟಿಕೆಟಿನ ಬರುವ ಪ್ರಯಾಣವನ್ನೂ ಸಾಮಾನ್ಯವಾಗಿ ರದ್ದು ಮಾಡುತ್ತಾರೆ. ನನ್ನದೂ ಹಾಗೇ ಹೋಯಿತು. ಮನೆಯವಳು ಆ ಮೊತ್ತವನ್ನು ಅಡಿಕೆ ಕ್ವಿಂಟಾಲ್ ಲೆಕ್ಕದಲ್ಲಿ ಹೇಳುತ್ತಾಳೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಹಾಗಾಗಿ ಒಂಬತ್ತೋ ಹತ್ತೋ ಅನ್ನುವ ಪ್ರಶ್ನೆಯೇ ಬಿಡಿ. ಮಳೆಗಾಲದಲ್ಲಿ ಅದೇ ದಿನ ಹೊರಡಲೇಬೇಡಿ. ಹಿಂದಿನ ರಾತ್ರಿ ರೈಲು ಹತ್ತಿ, ಯಶವಂತಪುರದಲ್ಲಿ ಇಳಿದು, ಇಡ್ಲಿ ತಿಂದು ಆರಾಮಾಗಿ ಹೋಗಿ. ಬೆಳಿಗ್ಗೆಯ ವಿಮಾನವಾದರೆ ಹಿಂದಿನ ಹಗಲೇ ಹೋಗಿ ನೆಂಟರ ಮನೆಯಲ್ಲಿ ಉಳಿಯಿರಿ, ಬೆಂಗಳೂರಿನಲ್ಲಿ ನೆಂಟರಿಲ್ಲದ ಮಲೆನಾಡಿನವರು ಯಾರಿದ್ದಾರೆ?

ಟಿಕೆಟಿನಲ್ಲಿರುವ ಹೊರಡುವ, ತಲುಪುವ ಹೊತ್ತನ್ನು ಕಳೆದು ಗಂಟೆ ಲೆಕ್ಕ ಹಾಕಬೇಡಿ, ಅವು ಆಯಾ ಊರಿನ ಸಮಯ. ಲಂಡನ್ ನಮಗಿಂತ ಅಲ್ಲಿಯ ಬೇಸಿಗೆಯಲ್ಲಿ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದೆ. ಅಪ್ಪೆಮಿಡಿ ಒಯ್ಯುವುದಾದರೆ ದೊಡ್ಡ ಬ್ಯಾಗಿಗೇ ಹಾಕಿ, ಕೈಚೀಲದಲ್ಲಿ ಉಪ್ಪಿನಕಾಯಿ ಬಿಡುವುದಿಲ್ಲ.