ಬೆಚಲೇಲ ಯಾವ ಕಾಲೇಜಿನಲ್ಲಿ ಓದಿದ?

ಪತ್ರ: ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಇಬ್ಬರು ಗಂಡುಮಕ್ಕಳಿಗಾಗಿ ಪ್ರಾರ್ಥಿಸುತ್ತೇನೆ. ದೊಡ್ಡವನು ಬೆಂಗಳೂರಲ್ಲಿ ಎಂಜಿನಿಯರ್. ಚಿಕ್ಕವನು ಪಿಯುಸಿ ಫೇಲು, ಸದಾ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಬಿಚ್ಚಿಕೊಂಡು ಕೂತಿರುತ್ತಾನೆ. ಊಟಕ್ಕೆ ಕೂತಾಗಲೆಲ್ಲ ಯಜಮಾನರು ಅಣ್ಣನ ಹೆಸರೆತ್ತಿ ಅವನನ್ನು ಚುಚ್ಚುತ್ತಾರೆ. ಅವನಿಗೆ ಜ್ಞಾನ ಬರಲು ಯಾವ ವಚನ ಹಿಡಿದು ಪ್ರಾರ್ಥಿಸಲಿ?
– ಒಬ್ಬ ತಾಯಿ, ಸಿದ್ದಾಪುರ

ಉತ್ತರ: ಅಮ್ಮಾ, ಓದು ಬೇಡವೆಂದು ನಾನು ಹೇಳುವುದಿಲ್ಲ. ಉಳಿದ ಪೇಪರುಗಳನ್ನು ಕಟ್ಟಿಸಿ. ಆದರೆ ಅವನಿಗೆ ಜ್ಞಾನ ಇಲ್ಲವೆಂದು ನಿಮಗೆ ಹೇಳಿದವರು ಯಾರು?

ಬೈಬಲಿನ ವಿಮೋಚನಕಾಂಡ 31ನೇ ಅಧ್ಯಾಯ ತೆಗೆಯಿರಿ. ದೇವರು ಬೆಚಲೇಲನೆಂಬ ಕುಶಲಕರ್ಮಿಯನ್ನು ಹೆಸರು ಹಿಡಿದು ಕರೆದು, ತನ್ನ ಆತ್ಮದಿಂದ ತುಂಬಿ ಜ್ಞಾನ ಕೊಟ್ಟ. ಯಾತಕ್ಕೆ? ಚಿನ್ನ, ಬೆಳ್ಳಿ, ತಾಮ್ರದ ಕೆಲಸಕ್ಕೆ, ಮರ ಕೆತ್ತುವುದಕ್ಕೆ. ಬೈಬಲಿನ ಜ್ಞಾನೋಕ್ತಿಗಳ ಪುಸ್ತಕದಲ್ಲಿ ಜ್ಞಾನಕ್ಕೆ ಬಳಸಿದ ‘ಹೊಖ್ಮಾ’ ಎಂಬ ಹೀಬ್ರೂ ಪದವೇ ಇಲ್ಲೂ ಇದೆ. ನಜರೇತಿನವರಿಗೂ ನಿಮ್ಮ ಯಜಮಾನರದೇ ತೊಡಕು. ಯೇಸುವಿನ ಬೋಧನೆ ಕೇಳಿ ‘ಇವನಿಗೆ ಇದೆಂಥಾ ಜ್ಞಾನ!’ ಎಂದು ಬೆರಗಾದವರೇ ಮರುಗಳಿಗೆಯಲ್ಲಿ ‘ಇವನು ಆ ಬಡಗಿಯಲ್ಲವೇ?’ ಎಂದು ಮೂಗು ಮುರಿದರು.

ಒಂದು ವರ್ಷ ನಮ್ಮ ತೋಟಕ್ಕೆ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಕೈಕೊಟ್ಟಿತು. ರೊಬಸ್ಟಾ ಕಾಫಿಯ ಮೊಗ್ಗು ಬಾಡುವ ಮೊದಲು ಸ್ಪ್ರಿಂಕ್ಲರ್ ಹಾಕೋಣವೆಂದರೆ ನಮ್ಮ ಕೆರೆಯ ಪಂಪು ನೀರೆತ್ತಲೊಲ್ಲದು. ಬೆಂಗಳೂರಲ್ಲಿರುವ ನನ್ನ ಮಗ ವಿಡಿಯೊ ಕಾಲ್‌ನಲ್ಲಿ ನೋಡಿ, ‘ಹೊಸ ಮೋಟರ್ ತಗೊಳ್ಳಿ ಪಪ್ಪಾ’ ಅಂದ. ತೋಟದ ಕೆಲಸಗಾರರ ಲೈನ್ ಮನೆಯ ಹುಡುಗನೊಬ್ಬ ಪಂಪಿಗೆ ಒಂದು ಕೊಡ ನೀರು ಹೊಯ್ದು, ಪೈಪಿಗೆ ಕಿವಿಯಿಟ್ಟು ಸುಮ್ಮನೆ ನಿಂತ. ‘ನೀರು ಕೆಳಗೆ ಇಳೀತಾ ಉಂಟು ಸಾರ್’ ಅಂದವನೇ ಕೆರೆಗಿಳಿದ. ನೀರು ಹಿಂದಕ್ಕೆ ಇಳಿಯದಂತೆ ಪೈಪಿನ ಬುಡದಲ್ಲಿ ತಡೆಯುವ ಫುಟ್‌ವಾಲ್ವಿನ ಬಾಯಲ್ಲಿ ಒಂದು ಹಲಸಿನೆಲೆ! ಅರಸ ಸೊಲೊಮೋನ ಗಿಬ್ಯೋನೆಂಬ ಊರಿನಲ್ಲಿ ಆಯುಷ್ಯ, ಐಶ್ವರ್ಯ ಬಿಟ್ಟು ದೇವರಲ್ಲಿ ಬೇಡಿದ್ದು, ಮೂಲದ ಮಾತಿನಲ್ಲಿ, ‘ಕೇಳುವ ಹೃದಯ’. ಆ ಹುಡುಗನನ್ನು ನೋಡಿದ ಮೇಲೆ ನನಗೆ ಆ ಮಾತು ಅರ್ಥವಾಯಿತು.

ಪರೀಕ್ಷೆ ಬಂತೆಂದರೆ ನಮ್ಮ ದೇವಾಲಯಗಳಲ್ಲಿ ಪೆನ್ನುಗಳಿಗೆ ಆಶೀರ್ವಾದ. ತೋಟದ ನೆರಳುಮರಗಳ ಕೊಂಬೆ ಕಡಿದು ಮರಗಸಿ ಮಾಡುವವನ ಕತ್ತಿ, ಹಗ್ಗವನ್ನು ಯಾರಾದರೂ ಪೀಠದ ಮುಂದಿಟ್ಟದ್ದುಂಟೇ? ಸಿಲ್ವರ್ ಓಕ್ ಮರದ ತುದಿಯಲ್ಲಿ ನೇತಾಡುವವನಿಗಲ್ಲವೇ ಪ್ರಾರ್ಥನೆ ಬೇಕಾದದ್ದು! ಆಮೇಲೆ ಆಳು ಸಿಗುವುದಿಲ್ಲವೆಂದು ಬೆಳೆಗಾರರ ಸಂಘದ ಮೀಟಿಂಗಿನಲ್ಲಿ ನಾವೇ ಗೋಳಾಡುತ್ತೇವೆ. ಮಕ್ಕಳನ್ನು ಬಸ್ಸು ಹತ್ತಿಸಿದವರೂ ನಾವೇ.

ಇನ್ನು ಯಜಮಾನರ ವಿಷಯ. ಜ್ಞಾನೋಕ್ತಿಗಳ ಮೊದಲ ಅಧ್ಯಾಯಗಳಲ್ಲಿ ‘ಮಗನೇ, ಕೇಳು’ ಎಂದು ಕೂರಿಸಿಕೊಂಡು ಹೇಳುವವನು ಅಪ್ಪ. ನಮ್ಮಲ್ಲಿ ಮೊಣಕಾಲೂರುವ ಪಾಲು ಅಮ್ಮನದು, ಬಯ್ಯುವ ಪಾಲು ಅಪ್ಪನದು. ನೀವು ಕೇಳಿದ ವಚನ ಯಾಕೋಬ 1:5. ಜ್ಞಾನ ಕೇಳಿದವರಿಗೆ ದೇವರು ‘ಹಂಗಿಸದೆ’ ಕೊಡುತ್ತಾನೆ ಎಂದಿದೆ. ಆ ಒಂದು ಪದವನ್ನು ರಾತ್ರಿ ಊಟದ ಹೊತ್ತಿಗೆ ಯಜಮಾನರಿಗೆ ಕೇಳಿಸುವಂತೆ ಗಟ್ಟಿಯಾಗಿ ಓದಿ.

ಅಂದಹಾಗೆ, ನಮ್ಮ ಪಲ್ಪರ್ ಈ ಸಲ ಬೀಜ ಕತ್ತರಿಸುತ್ತಿದೆ. ಗ್ಯಾಪ್ ಎಷ್ಟು ತಿರುಗಿಸಿದರೂ ಸರಿಹೋಗುತ್ತಿಲ್ಲ. ಶನಿವಾರ ಬಿಡುವಿದ್ದರೆ ಚಿಕ್ಕವನನ್ನು ಕಳಿಸಿಕೊಡಿ.